ಖಾಲಿ ಸೇತುವೆಯ ಫೋಟೋ

ನಮ್ಮ ಮನೆಯ ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರು ಇನ್ನೂ ತೂಗುತ್ತಿದೆ. ವರ್ಷ ಮುಗಿದ ಕ್ಯಾಲೆಂಡರು ಮನೆಯಲ್ಲಿರಬಾರದು ಎಂದು ಬಂದವರೆಲ್ಲ ಬುದ್ಧಿ ಹೇಳುತ್ತಾರೆ. ನಮ್ಮ ಮನೆಯವರು ಒಮ್ಮೆ ಅದನ್ನು ಇಳಿಸಿ, ಸುತ್ತಿ, ಅಟ್ಟದ ಮೇಲಿಟ್ಟರು. ನಾನು ಏಣಿ ಹಾಕಿ ಹತ್ತಿ, ತಂದು, ಮತ್ತೆ ಅದೇ ಮೊಳೆಗೆ ಸಿಕ್ಕಿಸಿದೆ. ಆಮೇಲೆ ಅವರು ಅದರ ತಂಟೆಗೆ ಹೋಗಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಯಾವ ಮೊಳೆಯ ತಂಟೆಗೆ ಹೋಗಬಾರದು ಎಂಬುದು ಗಂಡಸಿಗೂ ತಿಳಿದಿರುತ್ತದೆ.

ಆ ಕ್ಯಾಲೆಂಡರಿನಲ್ಲಿ ಲಕ್ಷ್ಮಿಯಿಲ್ಲ, ಸರಸ್ವತಿಯಿಲ್ಲ, ಬನಶಂಕರಿಯೂ ಇಲ್ಲ. ಒಂದು ಹಳೆಯ ರೈಲು ಸೇತುವೆ ಇದೆ. ಕೆಂಪು ಕಲ್ಲಿನ ಕಮಾನುಗಳು, ಕೆಳಗೆ ಬತ್ತಿದ ಹಳ್ಳ, ಮೇಲೆ ಹಳಿ ಕಿತ್ತುಹಾಕಿದ ಸಪಾಟು ಜಾಗ, ಅದರಾಚೆ ಬರೀ ಆಕಾಶ. ಫೋಟೋ ತೆಗೆದವಳು ನಾನು. ನಾವು ನೇಯ್ದ ಸೀರೆಗಳನ್ನು ಕೊಳ್ಳುವ ವ್ಯಾಪಾರಿಯೊಬ್ಬರು ಪ್ರತಿವರ್ಷ ಗಿರಾಕಿಗಳಿಗೆ ಕ್ಯಾಲೆಂಡರು ಹಂಚುತ್ತಾರೆ. ಹೋದ ಸಲ ನನ್ನ ಫೋಟೋ ನೋಡಿದವರೇ, "ಎಲ್ಲಾರೂ ದೇವ್ರನ್ನ ಹಾಕಸ್ತಾರ, ನಾವು ಸೇತುವಿ ಹಾಕಸೋಣ್ರಿ" ಎಂದು ಅಚ್ಚು ಹಾಕಿಸಿಯೇಬಿಟ್ಟರು. ಕ್ಯಾಲೆಂಡರು ಇಳಕಲ್, ಹುನಗುಂದ, ಕಮತಗಿ, ಬಾಗಲಕೋಟೆಯ ಮನೆ ಅಂಗಡಿಗಳ ಗೋಡೆ ಹತ್ತಿತು. ನನಗೆ ಬೈಗುಳವೂ ಸಾಕಷ್ಟು ಬಂತು. ನಮ್ಮ ಎದುರು ಮನೆಯ ಆಯಿ ಬಾಗಿಲಲ್ಲೇ ನಿಂತು ಕೇಳಿದಳು.

"ಮುಂಜಾನೆ ಎದ್ದು ಯಾವುದಕ್ಕ ಕೈ ಮುಗೀಲೇ ಯವ್ವಾ? ಈ ಕಲ್ಲಿಗೇನು?"

"ದೇವರೂ ಕಲ್ಲ ಅಲ್ಲೇನಬೇ?" ಎಂದೆ.

ಆಯಿ ಎರಡು ವಾರ ನನ್ನೊಂದಿಗೆ ಮಾತಾಡಲಿಲ್ಲ. ಆದರೆ ಕ್ಯಾಲೆಂಡರನ್ನು ವಾಪಸು ಕೊಡಲೂ ಇಲ್ಲ. ಹಾಲಿನ ಲೆಕ್ಕ ಬರೆಯಲು ಬೇಕಲ್ಲ.

ಇಳಕಲ್ಲಿನ ನೇಕಾರ ಮನೆಯ ಹೆಂಗಸೊಬ್ಬಳು ರೈಲಿನ ಫೋಟೋ ತೆಗೆಯುತ್ತಾಳೆ ಎಂದರೆ ನಿಮಗೂ ನಗು ಬರುತ್ತದೆ, ಗೊತ್ತು. ನಮ್ಮೂರಿಗೆ ರೈಲಿಲ್ಲ. ಪಕ್ಕದ ಹುನಗುಂದಕ್ಕೂ ಇಲ್ಲ. ನಮ್ಮಲ್ಲಿರುವುದು ರೈಲಿನ ಸುದ್ದಿ ಮಾತ್ರ. ನಮ್ಮಜ್ಜ ನಮ್ಮಪ್ಪನಿಗೆ "ಸರ್ವೆ ಆಗೇತಿ" ಎಂದು ಹೇಳಿದ್ದನಂತೆ. ಅಪ್ಪ ನನಗೆ ಹೇಳಿದ. ನಾನು ಮದುವೆಯಾಗಿ ಅದೇ ಊರಿನ ಇನ್ನೊಂದು ಓಣಿಗೆ ಹೋದರೆ ಅಲ್ಲಿ ಮಾವನವರೂ ಅದನ್ನೇ ಹೇಳಿದರು. ಈಗ ನಮ್ಮ ಮನೆಯಲ್ಲಿ ಅದು ಮಾತಿನ ರೂಢಿಯೇ ಆಗಿದೆ. ಅಡುಗೆ ಆಯಿತೇ ಎಂದು ಹೊರಗಿನಿಂದ ಕೂಗಿ ಕೇಳಿದರೆ ನಾನು ಒಳಗಿನಿಂದ "ಸರ್ವೆ ಆಗೇತ್ರಿ" ಎನ್ನುತ್ತೇನೆ. ಅಂದರೆ ಒಲೆ ಇನ್ನೂ ಹಚ್ಚಿಲ್ಲ ಎಂದು ಅವರಿಗೆ ತಿಳಿಯುತ್ತದೆ.

ರೈಲಿಲ್ಲದ ಊರಿನವರಿಗೆ ರೈಲಿನ ಮೇಲೆ ಇರುವ ಮೋಹ ಸ್ಟೇಷನ್ನಿನ ಮಗ್ಗುಲಲ್ಲೇ ಹುಟ್ಟಿದವರಿಗೆ ಬರುವುದಿಲ್ಲ. ಅವರು ಗಾಡಿಯ ಸದ್ದಿಗೆ ಗಡಿಯಾರ ಸರಿಮಾಡಿಕೊಂಡು ಸುಮ್ಮನಾಗುತ್ತಾರೆ. ನಮಗಾದರೆ ರೈಲು ಕಾಣಬೇಕೆಂದರೆ ಬಸ್ಸು ಹತ್ತಿ ಬಾದಾಮಿಗೋ ಬಾಗಲಕೋಟೆಗೋ ಹೋಗಬೇಕು. ನಮ್ಮಪ್ಪ ಸೀರೆಯ ಗಂಟು ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋಗುತ್ತಿದ್ದ. ಆಗ ಸಣ್ಣ ಹಳಿಯ ಗಾಡಿ, ಕಲ್ಲಿದ್ದಲಿನ ಎಂಜಿನ್ನು. ಬಾದಾಮಿಯಲ್ಲಿ ಬಸ್ಸಿಳಿದರೆ ಸ್ಟೇಷನ್ನು ಊರಿನಿಂದ ದೂರ. ಟಾಂಗಾದಲ್ಲಿ ಮುಂದೆ ಅಪ್ಪ, ಹಿಂದೆ ಗಂಟು, ಗಂಟಿನ ಮೇಲೆ ನಾನು. ಬೇಸಿಗೆ ರಜೆಯಲ್ಲಿ ಮಾತ್ರ ನನ್ನನ್ನು ಕರೆದೊಯ್ಯುತ್ತಿದ್ದ. ಕಿಟಕಿಯಿಂದ ತಲೆ ಹೊರಗೆ ಹಾಕಬೇಡ ಎಂದು ಅಪ್ಪ ಹೇಳುವಷ್ಟರಲ್ಲಿ ಕಣ್ಣಿಗೆ ಇದ್ದಿಲ ಚೂರು ಬಿದ್ದಿರುತ್ತಿತ್ತು. ಅಪ್ಪ ಧೋತರದ ಚುಂಗು ನೀರಲ್ಲಿ ಅದ್ದಿ ಕಣ್ಣೊರೆಸುತ್ತಿದ್ದ. ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಲ್ಲಿ ಸೇತುವೆಗಳನ್ನು ಎಣಿಸುತ್ತಿದ್ದೆ. ಈಗಲೂ ಕ್ಯಾಮೆರಾ ಹಿಡಿದಾಗ ಒಂದು ಕಣ್ಣು ಮುಚ್ಚುತ್ತೇನೆ. ಅಭ್ಯಾಸ ಅಲ್ಲಿಂದ ಬಂತು ಎಂದು ನನ್ನ ನಂಬಿಕೆ.

ಒಮ್ಮೆ ನಮ್ಮಜ್ಜಿಯೂ ಹಟ ಹಿಡಿದು ಬಂದಳು. ಅವಳು ಅದುವರೆಗೆ ರೈಲು ನೋಡಿರಲಿಲ್ಲ. ಗಾಡಿ ಬಂದು ನಿಂತಿತು. ಅಜ್ಜಿ ಈ ತುದಿಯಿಂದ ಆ ತುದಿಯವರೆಗೆ ನಡೆದು ಹೋಗಿ ನೋಡಿ ಬಂದಳು. ಆಮೇಲೆ, ಇಷ್ಟುದ್ದದ್ದು ತಿರುಗುವ ಬಗೆ ಕಾಣದೆ, ಅಪ್ಪನನ್ನು ಕೇಳಿದಳು.

"ಇದು ಹೊಳ್ಳೂದು ಹ್ಯಾಂಗೋ?"

"ಇದು ಹೊಳ್ಳಂಗಿಲ್ಲವ್ವಾ. ಎಂಜಿನ್ ಬಿಚ್ಚಿ ಆ ಕಡೆ ಹಚ್ಚತಾರ. ಹಿಂದಿಂದ ಮುಂದ ಆಗತೈತಿ."

"ಹಿಂದಿಂದ ಮುಂದ ಆಗೂದು ಒಂದ ಗಾಡಿ ಏನೋ! ಹೋಗಿದ್ದಷ್ಟ ಹೋತು. ಹೊಳ್ಳಿ ಬರೂ ಭರೋಸ ಇಲ್ಲ ಇದರದ್ದು" ಎಂದವಳೇ ಅಜ್ಜಿ ಗಂಟಿನ ಮೇಲೆ ಕುಳಿತುಬಿಟ್ಟಳು. ಅಪ್ಪ ಎಷ್ಟು ಹೇಳಿದರೂ ಏಳಲಿಲ್ಲ. ಗಾಡಿ ಹೋಯಿತು. ನಾವು ಮೂವರೂ ಸೀರೆಯ ಗಂಟಿನ ಸಮೇತ ಟಾಂಗಾ ಹತ್ತಿ, ಬಸ್ಸು ಹಿಡಿದು, ಇಳಕಲ್ಲಿಗೆ ಹಿಂದಿರುಗಿದೆವು. ದಾರಿಯುದ್ದಕ್ಕೂ ಅಪ್ಪ ಹಲ್ಲು ಕಡಿಯುತ್ತಿದ್ದ. ಅಜ್ಜಿ ಮಾತ್ರ ಗೆದ್ದವಳ ಮುಖ ಮಾಡಿಕೊಂಡು ಚುರುಮುರಿ ತಿಂದಳು. ನನ್ನ ಹಟ ಯಾರಿಂದ ಬಂದದ್ದು ಎಂದು ನಮ್ಮ ಮನೆಯವರು ಆಗಾಗ ಕೇಳುತ್ತಾರೆ. ಹೇಳಿದ್ದೇನೆ.

ಕ್ಯಾಮೆರಾ ಬಂದದ್ದು ಬಹಳ ತಡವಾಗಿ. ನಮ್ಮೂರಿನ ಸ್ಟುಡಿಯೋ ಒಂದು ಮುಚ್ಚುವಾಗ ಅದರ ಮಾಲೀಕರು ತಮ್ಮ ಹಳೆಯ ಕ್ಯಾಮೆರಾ ನನಗೆ ಕೊಟ್ಟರು. ಮದುವೆಗಳನ್ನು ಹಿಡಿದು ಹಿಡಿದು ಸವೆದ ಯಂತ್ರ. ಅದರ ಗಾಜಿನೊಳಗೆ ಎಲ್ಲೋ ಅಕ್ಷತೆಯ ಕಾಳೊಂದು ಸಿಕ್ಕಿಕೊಂಡಿದೆ ಎಂದು ನಮ್ಮ ಮನೆಯವರ ಅನುಮಾನ. ಮೊದಲ ದಿನ ನಾನು ತೆಗೆದ ಹತ್ತಾರು ಫೋಟೋಗಳಲ್ಲಿ ನನ್ನ ಬೆರಳೇ ಚೆನ್ನಾಗಿ ಬಂದಿತ್ತು.

ಇನ್ನು ದಿನದ ಮಾತು. ನೇಕಾರರಿಗೆ ಭಾನುವಾರವಿಲ್ಲ, ಅಮಾವಾಸ್ಯೆಯಿದೆ. ಅಂದು ಮಗ್ಗ ಮುಟ್ಟುವುದಿಲ್ಲ. ನಮ್ಮ ಮನೆಯವರಂತೂ ಇದರಲ್ಲಿ ಬಲು ಕಟ್ಟುನಿಟ್ಟು. "ಅಮಾಸಿ ದಿನ ಲಾಳಿ ಕಡೆ ಹೊಳ್ಳಿ ಸೈತ ನೋಡಬಾರದು" ಎನ್ನುತ್ತಾರೆ. ಅಂದು ಮನೆಯಲ್ಲಿ ಒಂದೆಳೆ ನೂಲು ಸುತ್ತಲೂ ಬಿಡುವುದಿಲ್ಲ. ಹರಿದ ಕುಪ್ಪಸಕ್ಕೆ ಹೊಲಿಗೆ ಹಾಕಲು ಕುಳಿತರೂ ಸೂಜಿ ಕಸಿದುಕೊಂಡು ಒಳಗಿಡುತ್ತಾರೆ. ಹೀಗೆ ತಿಂಗಳಿಗೊಮ್ಮೆ ನನ್ನ ಕೈ ಖಾಲಿ. ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು, ರೊಟ್ಟಿ ಪುಂಡಿಪಲ್ಯ ಕಟ್ಟಿಕೊಂಡು, ಮುಂಜಾನೆಯ ಬಸ್ಸಿಗೆ ಹೊರಟುಬಿಡುತ್ತೇನೆ. ಹುನಗುಂದದಲ್ಲಿ ಬಸ್ಸು ನಿಂತಾಗ ಕಂಡಕ್ಟರು, "ಇವತ್ತ ಅಮಾಸಿ ಏನ್ರಿ ಅಕ್ಕಾರ?" ಎಂದು ಕೇಳುತ್ತಾರೆ. ಪಂಚಾಂಗ ನೋಡುವ ಶ್ರಮ ಅವರಿಗೆ ತಪ್ಪಿದೆ.

ಒಬ್ಬ ಹೆಂಗಸು ಒಬ್ಬಳೇ ಹಳೆಯ ರೈಲುದಾರಿಯ ಫೋಟೋ ತೆಗೆಯುತ್ತಾಳೆ ಎಂಬುದನ್ನು ಜನ ಹೇಗೆ ತೆಗೆದುಕೊಳ್ಳುತ್ತಾರೆ ಎಂದು ಬರೆಯಹೊರಟರೆ ಅದೇ ಒಂದು ಪುಸ್ತಕ. ಬಾದಾಮಿಯಲ್ಲಿ ಆಟೋದವರು ನನ್ನ ಕ್ಯಾಮೆರಾ ನೋಡಿ ಗುಹೆಯ ಕಡೆಗೇ ತಿರುಗಿಸುತ್ತಾರೆ. ನಾನು ಸ್ಟೇಷನ್ನು ಎಂದರೆ, "ಗುಹೆ ಈ ಕಡೆ ಅದಾವ್ರಿ, ಅಲ್ಲೇನೈತ್ರಿ ನೋಡಾಕ?" ಎಂದು ನನಗೆ ಮೋಸವಾಗುತ್ತಿದೆಯೇನೋ ಎಂಬಷ್ಟು ಕಾಳಜಿಯಿಂದ ಕೇಳುತ್ತಾರೆ. ಬಾಗಲಕೋಟೆ ಸ್ಟೇಷನ್ನಿನಲ್ಲಿ ಪೊಲೀಸರೊಬ್ಬರು ತಡೆದರು. ಪೇಪರಿನವರೇ? ಅಲ್ಲ. ಯೂಟ್ಯೂಬಿನವರೇ? ಅಲ್ಲ. ಹಾಗಾದರೆ ಯಾಕೆ ತೆಗೆಯುತ್ತೀರಿ? ಸುಮ್ಮನೆ, ಸೇರುತ್ತದೆ ಅದಕ್ಕೆ, ಎಂದೆ. ಅವರು ತಲೆ ಕೆರೆದುಕೊಂಡು, "ಹಂಗಂದ್ರ ಜಾಸ್ತಿ ಡೌಟ್ ಬರತೈತ್ರೀ" ಎಂದರು. ಅವರ ಕಷ್ಟ ನನಗೂ ಅರ್ಥವಾಯಿತು. ಕಾರಣವಿಲ್ಲದ ಹೆಂಗಸನ್ನು ಯಾವ ಕಲಮಿನಡಿ ಬರೆದುಕೊಳ್ಳುವುದು! ನೀವು ಬೇಕಾದರೆ ಬರೆದುಕೊಳ್ಳಿ, ನಾನು ಮುಂದಿನ ಅಮಾವಾಸ್ಯೆಗೂ ಬರುತ್ತೇನೆ ಎಂದೆ. ಪ್ಲಾಟ್‌ಫಾರ್ಮಿನ ಹೊರಗೆ ನಿಂತು ತೆಗೆಯಿರಿ ಎಂದು ಅವರೇ ದಾರಿ ತೋರಿಸಿದರು.

ಹೊಸ ಗಾಡಿಗಳು ನನಗೆ ಬೇಡವೆಂದಲ್ಲ. ಕರೆಂಟಿನ ಎಂಜಿನ್ನು ಬಂದರೆ ಅದನ್ನೂ ತೆಗೆಯುತ್ತೇನೆ. ಆದರೆ ಅದು ಬಂದದ್ದು ತಿಳಿಯುವಷ್ಟರಲ್ಲಿ ಹೋಗಿರುತ್ತದೆ. ನನಗೆ ಸೇರುವುದು ಹಳೆಯ ಹಳಿಯ ದಾರಿ. ಹಳಿ ದೊಡ್ಡದು ಮಾಡುವಾಗ ಕೆಲವು ಕಡೆ ದಾರಿಯನ್ನು ಮಗ್ಗುಲಿಗೆ ಸರಿಸಿದರು. ಹಳೆಯ ದಾರಿಯ ಹಳಿ, ದಿಮ್ಮಿ, ಜಲ್ಲಿ ಎಲ್ಲ ಹೋದವು. ಸೇತುವೆಗಳು ಮಾತ್ರ ಇದ್ದಲ್ಲೇ ಇದ್ದವು. ಅಂಥದ್ದೊಂದು ಬಾದಾಮಿಗೂ ಬಾಗಲಕೋಟೆಗೂ ನಡುವೆ ಒಂದು ಹಳ್ಳಿಯ ಹೊರಗಿದೆ. ಹಳ್ಳಿಯ ಹೆಸರು ಬರೆಯುವುದಿಲ್ಲ. ಬರೆದರೆ ಇನ್ನೊಬ್ಬ ಗುತ್ತಿಗೆದಾರನಿಗೆ ನಾನೇ ದಾರಿ ತೋರಿಸಿದಂತಾಗುತ್ತದೆ.

ಅಲ್ಲಿ ನನಗೆ ಸಿಕ್ಕವಳು ಮಾಳವ್ವ. ಬೀರಪ್ಪ ದೇವರ ಒಕ್ಕಲು. ಕುರಿ ಸಾಕುತ್ತಾರೆ, ಸ್ವಲ್ಪ ಹೊಲವಿದೆ, ಮನೆಯಲ್ಲಿ ಕಂಬಳಿ ಮಗ್ಗವಿದೆ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮೊದಲ ಸಲ ನಾನು ಹಳ್ಳದಲ್ಲಿ ಮೊಣಕಾಲೂರಿ ಕಮಾನಿನ ಫೋಟೋ ತೆಗೆಯುತ್ತಿದ್ದಾಗ ಮೇಲಿನಿಂದ ಕೂಗಿದಳು.

"ಏನ್ ಕಳದೈತ್ರೀ ಅಕ್ಕಾರ?"

"ಏನೂ ಇಲ್ಲವಾ, ಫೋಟೋ ತಗಿಯಾಕತ್ತೇನಿ."

"ಯಾರದು?"

"ಸೇತುವೀದು."

ಅವಳು ಒಂದು ಗಳಿಗೆ ಯೋಚಿಸಿದಳು. "ಹಂಗಾರ ಬಿಸಲಾಗ ಯಾಕ ನಿಂತೀರಿ? ಅದು ಎಲ್ಲೂ ಹೋಗಂಗಿಲ್ಲ. ಬರ್ರಿ, ಮಜ್ಜಿಗಿ ಕುಡದ ಬಂದು ತಗೀರಿ" ಎಂದಳು.

ಅಲ್ಲಿಂದ ನಮ್ಮ ಸ್ನೇಹ. ಆ ಸೇತುವೆ ಅವರಿಗೆ ಏನು ಎಂದು ಅವಳು ಮಜ್ಜಿಗೆ ಕೊಡುತ್ತಲೇ ಹೇಳಿದಳು. ಕಂಬಳಿಯ ಹಾಸು, ಅಂದರೆ ಮಗ್ಗಕ್ಕೇರುವ ಉದ್ದದ ನೂಲು, ಮೊದಲು ಬಯಲಿನಲ್ಲಿ ಬಿಗಿಯಾಗಿ ಚಾಚಿ ಕಟ್ಟಬೇಕು. ಅದಕ್ಕೆ ಹುಣಸೆಬೀಜದ ಗಂಜಿ ಹಚ್ಚಿ, ಒಣಗುವವರೆಗೂ ಕುಂಚದಿಂದ ತಿಕ್ಕುತ್ತಲೇ ಇರಬೇಕು. ಹಸಿಯಿದ್ದಾಗ ಬಿಚ್ಚಿದರೆ ಎಳೆಗೆ ಎಳೆ ಅಂಟಿ ಇಡೀ ಹಾಸು ಹಾಳು. ಇದಕ್ಕೆ ನೆಟ್ಟಗಿನ, ಸಪಾಟಾದ, ಗಾಳಿ ಆಡುವ ಜಾಗ ಬೇಕು. ಆ ಹಳ್ಳಿಯಲ್ಲಿ ಅಂಥ ಜಾಗವೆಂದರೆ ಸೇತುವೆಯೊಂದೇ. ಉಳಿದದ್ದೆಲ್ಲ ಗುಡ್ಡ, ಬಂಡೆ, ಜಾಲಿ. ರೈಲು ಬಿಟ್ಟುಹೋದ ಸೇತುವೆಯನ್ನು ಮಾಳವ್ವನ ಮನೆಯವರೂ ಇನ್ನೆರಡು ಮನೆಯವರೂ ಹಾಸು ಚಾಚಲು ಇಟ್ಟುಕೊಂಡರು. ನಮ್ಮದು ರೇಷ್ಮೆ ಹತ್ತಿ, ಅವರದು ಉಣ್ಣೆ, ಅಷ್ಟೇ ಫರಕು. ಗಂಜಿಯ ವಾಸನೆ ಎರಡೂ ಮನೆಯಲ್ಲಿ ಒಂದೇ.

"ಹಾಸು ಹಾಕಿದ್ದ ದಿನ ಬರ್ರಿ ಅಕ್ಕಾರ, ಆವಾಗ ಚಂದ ಕಾಣ್ತೈತಿ" ಎಂದು ಅವಳು ಕರೆಯುತ್ತಲೇ ಇದ್ದಳು. ನಾನು ಬರುತ್ತೇನೆ ಬರುತ್ತೇನೆ ಎನ್ನುತ್ತಿದ್ದೆ. ಹೋಗುತ್ತಿದ್ದದ್ದು ಮಾತ್ರ ಅಮಾವಾಸ್ಯೆಗೇ. ಮಿಕ್ಕ ದಿನ ನನ್ನ ಕಾಲುಗಳು ನೆಲದಲ್ಲಿ ತೋಡಿದ ಕುಣಿಮಗ್ಗದೊಳಗೆ ಇಳಿಬಿದ್ದಿರುತ್ತಿದ್ದವು. ಅಮಾವಾಸ್ಯೆಗೆ ಕಂಬಳಿ ಮಗ್ಗಕ್ಕೂ ರಜೆ. ಹಾಗಾಗಿ ನಾನು ಹೋದಾಗೆಲ್ಲ ಸೇತುವೆ ಖಾಲಿ. ಖಾಲಿ ಸೇತುವೆ ಫೋಟೋದಲ್ಲಿ ಬಹಳ ಗಂಭೀರವಾಗಿ ಕಾಣುತ್ತದೆ. ನೋಡಿದವರು "ಆಹಾ, ಎಂಥಾ ಏಕಾಂತ!" ಎನ್ನುತ್ತಿದ್ದರು. ನಾನೂ ಬೀಗುತ್ತಿದ್ದೆ. ಅಂಥದ್ದೇ ಒಂದು ಕ್ಯಾಲೆಂಡರಿಗೆ ಹೋಯಿತು.

ಒಂದು ದಿನ ಮುಂಜಾನೆ ಸೀರೆಗೆ ಸೆರಗಿನ ಎಳೆ ಜೋಡಿಸುತ್ತ ಕುಳಿತಿದ್ದೆ. ಇಳಕಲ್ಲ ಸೀರೆಯಲ್ಲಿ ಇದು ಅತ್ತಿತ್ತ ಅಲುಗದೆ ಮಾಡಬೇಕಾದ ಕೆಲಸ. ಮೈಯ ಎಳೆಗೆ ಸೆರಗಿನ ಎಳೆ ಒಂದೊಂದಾಗಿ ಕೊಂಡಿ ಹಾಕುತ್ತ ಹೋಗಬೇಕು. ಫೋನು ಬಡಿಯಿತು. ಮಾಳವ್ವ.

"ಅಕ್ಕಾರ, ಸೇತುವಿ ಕೆಡವಾಕ ಬಂದಾರ್ರೀ. ನಿಮ್ಮ ಫೋಟೋ ತೋರ್ಸಾಕತ್ತಾರ."

"ನನ್ನ ಫೋಟೋ ಯಾಕ?"

"ಖಾಲಿ ಐತಂತ, ಯಾರೂ ಬಳಸಂಗಿಲ್ಲಂತ. ಕಲ್ಲು ಬ್ಯಾರೆ ಕಡೆ ಒಯ್ತಾರಂತ. ನಾವು ಲಗೂನ ಒಂದು ಹಾಸು ಹಾಕೇವಿ. ನೀವು ಬರ್ರಿ."

ನಾನು ಎದ್ದುಬಿಟ್ಟೆ. ಅರ್ಧಕ್ಕೆ ನಿಂತ ಸೆರಗನ್ನು ನೋಡಿ ನಮ್ಮ ಮನೆಯವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

"ಇವತ್ತ ಅಮಾಸಿ ಅಲ್ಲ" ಎಂದರು.

"ಗೊತ್ತೈತಿ" ಎಂದೆ.

"ಕಲ್ಲಿನ ಸಲುವಾಗಿ ಸೆರಗು ಬಿಟ್ಟು ಹೋಗ್ತೀ?"

"ಹೋಗ್ತೇನಿ."

ಬಸ್ಸಿನಲ್ಲಿ ಕುಳಿತಾಗ ಯಾರ ಮೇಲೆ ಸಿಟ್ಟು ಎಂದು ತಿಳಿಯದೆ ಎಲ್ಲರ ಮೇಲೂ ಸಿಟ್ಟಾದೆ. ಕ್ಯಾಲೆಂಡರು ಮಾಡಿಸಿದ ವ್ಯಾಪಾರಿಯ ಮೇಲೆ, ಏಕಾಂತ ಎಂದು ಹೊಗಳಿದವರ ಮೇಲೆ, ಹುನಗುಂದದಲ್ಲಿ ಚಹಾ ಕುಡಿಯಲು ಇಳಿದು ಹೊತ್ತು ಮಾಡಿದ ಡ್ರೈವರನ ಮೇಲೆ. ಕಂಡಕ್ಟರು ಪಂಚಾಂಗ ತಪ್ಪಿದವರಂತೆ ನನ್ನನ್ನೇ ನೋಡುತ್ತಿದ್ದರು. ಅವರ ಮೇಲೂ ಸಿಟ್ಟು ಬಂತು.

ಸೇತುವೆಯ ಹತ್ತಿರ ಜೆಸಿಬಿ ನಿಂತಿತ್ತು. ಸೇತುವೆಯ ಮೇಲೆ ಈ ತುದಿಯಿಂದ ಆ ತುದಿಗೆ ಕರಿಯ ಉಣ್ಣೆಯ ಹಾಸು ಬಿಗಿದು ನಿಂತಿತ್ತು. ಮಾಳವ್ವ, ಅವಳ ಗಂಡ, ಪಕ್ಕದ ಮನೆಯವರು ಗಂಜಿ ಹಚ್ಚುತ್ತಿದ್ದರು. ಇಷ್ಟು ವರ್ಷ ನಾನು ನೋಡದೆ ಹೋದ ಸೇತುವೆ. ಕಣ್ಣಲ್ಲಿ ನೀರು ಬಂತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಹಾಸಿನ ಮಗ್ಗುಲಲ್ಲಿ ಗುತ್ತಿಗೆದಾರನ ಮುಕಾದಮ ನಿಂತಿದ್ದ. ಆಳುಗಳನ್ನು ನೋಡಿಕೊಳ್ಳುವವನು, ಮೂವತ್ತೈದರ ಆಸುಪಾಸಿನ ಗಟ್ಟಿ ಮನುಷ್ಯ. ನನ್ನ ಹೆಗಲ ಮೇಲಿನ ಕ್ಯಾಮೆರಾ ನೋಡಿ ಮುಖ ಅರಳಿಸಿದ.

"ಕ್ಯಾಲೆಂಡರಿನ ಫೋಟೋ ತಗದಾರು ನೀವ ಏನ್ರಿ?"

"ಹೌದು."

"ಭಾಳ ಚಲೋ ಬಂದೈತ್ರಿ. ಕಮತಗ್ಯಾಗ ನಮ್ಮನ್ಯಾಗ ದೇವರ ಜಗಲಿ ಬಾಜೂಕ ಹಾಕೇವಿ." ಫೋನು ತೆಗೆದು ಅದರಲ್ಲಿ ಕ್ಯಾಲೆಂಡರಿನ ಚಿತ್ರ ತೋರಿಸಿದ. "ನೀವ ನೋಡ್ರಿ, ಒಂದ ನಾಯಿ ಸೈತ ಇಲ್ಲ. ಬಳಸೂ ಸೇತುವಿ ಹಿಂಗಿರತೈತೇನ್ರಿ? ರೈಲ್ವೆ ಆಫೀಸಿನ್ಯಾಗೂ ಇದನ್ನ ತೋರಿಸೇವಿ."

ಹೊಗಳಿಕೆ ಕೇಳಿ ಅಷ್ಟು ನೊಂದದ್ದು ಜೀವನದಲ್ಲಿ ಅದೊಂದೇ ಸಲ.

"ಅದು ಅಮಾಸಿ ದಿನ ತಗದದ್ದಪ್ಪಾ. ಅವತ್ತ ಮಗ್ಗ ಬಂದ್" ಎಂದೆ.

"ಬ್ಯಾರೆ ದಿನಾದ್ದು ಒಂದೂ ಇಲ್ಲೇನ್ರಿ?"

"ಇಲ್ಲ."

ಅವನು ನಕ್ಕ. ಕೊಂಕಿನ ನಗು ಅಲ್ಲ, ತನ್ನವರ ಪೆದ್ದುತನಕ್ಕೆ ನಗುವಂಥ ನಗು. ಆಗ ಅವನ ಕಾಲು ನೋಡಿದೆ. ಬರಿಗಾಲು. ಚಪ್ಪಲಿ ಸೇತುವೆಯ ಆಚೆ ಬಿಟ್ಟು ಬಂದಿದ್ದ. ಹಾಸಿನ ಹತ್ತಿರ ಚಪ್ಪಲಿ ಹಾಕಿಕೊಂಡು ಬರಬಾರದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ನಿಮ್ಮನ್ಯಾಗ ಮಗ್ಗ ಇತ್ತೇನು?" ಎಂದು ಕೇಳಿದೆ.

"ಇತ್ರಿ. ನಮ್ಮವ್ವ ನೇಯ್ತಿದ್ಲು" ಎಂದ. ಬಗ್ಗಿ ಹಾಸಿನ ಬಿಗಿ ನೋಡಿದ. "ಹಸೀ ಹಾಸು ನಾ ಎತ್ತಸಂಗಿಲ್ಲ ಬಿಡ್ರಿ. ಆ ಪಾಪ ನನಗ ಬ್ಯಾಡ. ಆದ್ರ ಕೆಲಸ ನಿಂದ್ರಂಗಿಲ್ಲ, ನನ್ನ ಮ್ಯಾಲಿನವ್ರು ಕೇಳ್ತಾರ. ಅಮಾಸಿ ದಿನ ಬರ್ತೇನಿ. ಅವತ್ತ ನೀವು ಹಾಸಂಗಿಲ್ಲ. ಯಾರಿಗೂ ತ್ರಾಸ ಇಲ್ಲ."

ಯಂತ್ರ ತಿರುಗಿಸಿಕೊಂಡು ಹೋದರು. ಅವನು ಅದನ್ನು ಉಪಕಾರ ಎಂದೇ ತಿಳಿದು ಹೇಳಿದ್ದ. ನನ್ನ ಮೈ ಉರಿದದ್ದು ಅದಕ್ಕೇ. ಹೊರಗಿನವನು ಬಂದು ಜಗಳವಾಡಿದರೆ ಎದುರು ನಿಲ್ಲಬಹುದು. ಇವನು ನಮ್ಮ ರಜೆಯ ದಿನ ತಿಳಿದವನು.

ಅಂದು ಫೋಟೋಗಳನ್ನು ತೆಗೆದೆ. ಹಾಸು, ಕುಂಚ, ಮೊಣಕೈವರೆಗೂ ಗಂಜಿಯಾದ ಮಾಳವ್ವನ ಕೈ. ಊರಿನ ಹಿರಿಯರೊಂದಿಗೆ ಆಫೀಸಿಗೆ ಹೋಗಿ ತೋರಿಸಿದೆವು. ಅಲ್ಲಿಯ ಸಾಹೇಬರು ಒಳ್ಳೆಯ ಮಾತಿನವರೇ. "ಇವು ಎಲ್ಲಾ ಮೊನ್ನೀವು ಅದಾವ್ರಿ. ಕೆಡವ್ತಾರ ಅಂದ ಮ್ಯಾಲ ಹಾಸು ಹಾಕೀರಿ ಅಂತ ಅವರು ಅಂತಾರ. ಹಳೇ ಫೋಟೋ ಇದ್ರ ಕೊಡ್ರಿ" ಎಂದರು. ಹಳೆಯ ಫೋಟೋ ನನ್ನಲ್ಲಿ ರಾಶಿ ಇದ್ದವು. ಒಂದರಲ್ಲೂ ಒಂದೆಳೆ ಉಣ್ಣೆಯಿಲ್ಲ. ಅರ್ಜಿ ಕೊಟ್ಟು ಬಂದೆವು. ನೋಡೋಣ ಎಂದರು. ನಾನು ಸರ್ವೆಯ ಊರಿನವಳು, ನೋಡೋಣ ಎಂದರೆ ಏನು ಎಂದು ನನಗೆ ಚೆನ್ನಾಗಿ ಗೊತ್ತು.

ಮನೆಗೆ ಬಂದು ಸೆರಗು ಮುಗಿಸಿದೆ. ಸಿಟ್ಟಿನಲ್ಲಿ ಜೋಡಿಸಿದ್ದಕ್ಕೆ ಒಂದೆರಡು ಕಡೆ ಬಿಗಿಯಾಯಿತು. ನಮ್ಮ ಮನೆಯವರು ಬೆರಳಾಡಿಸಿ ನೋಡಿದರು. ಊಟಕ್ಕೆ ಕುಳಿತಾಗ ಕೇಳಿದರು.

"ಅವರ ಹಾಸು ಎಷ್ಟ ಉದ್ದ ಇರತೈತಿ?"

"ಸೇತುವಿ ಅಷ್ಟ ಉದ್ದ" ಎಂದೆ.

"ನೆಲದ ಮ್ಯಾಲ ಹಾಕಿದ್ರ ನಡಿಯಂಗಿಲ್ಲೇನು?"

"ನೆಲಾ ಎಲ್ಲೈತ್ರಿ ಅಲ್ಲೆ? ನೀವ ಒಮ್ಮೆ ಬಂದು ನೋಡ್ರಿ."

ಅವರು ಮಜ್ಜಿಗೆ ಸುರಿದುಕೊಂಡರು. ಮಾತು ಅಲ್ಲಿಗೇ ನಿಂತಿತು. ಮಾಳವ್ವ ಮತ್ತು ನಾನು ಫೋನಿನಲ್ಲಿ ಮಾತಾಡಿಕೊಂಡಿದ್ದನ್ನು ಅವರಿಗೆ ಹೇಳಿರಲಿಲ್ಲ. ಹೇಳಿದರೆ ಸೂಜಿ ಕಸಿದಂತೆ ಫೋನೂ ಕಸಿದಾರು ಎಂಬ ಭಯ. ನಾವು ಮಾಡಬೇಕೆಂದಿದ್ದು ಅವರ ಮನ ಒಪ್ಪುವಂಥದ್ದಾಗಿರಲಿಲ್ಲ. ನಿಜ ಹೇಳುತ್ತೇನೆ, ನನ್ನ ಮನವೂ ಪೂರ್ತಿ ಒಪ್ಪಿರಲಿಲ್ಲ. ಹುಟ್ಟಿದಾಗಿನಿಂದ ಅಮಾವಾಸ್ಯೆಗೆ ನೂಲು ಮುಟ್ಟಿದವಳಲ್ಲ.

ಅಮಾವಾಸ್ಯೆ ಬಂತು. ಬೆಳಕು ಹರಿಯುತ್ತಲೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಬಂದರೆ ನಮ್ಮ ಮನೆಯವರು ಮಡಿ ಧೋತರ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದಾರೆ.

"ನೀವೆಲ್ಲಿಗೆ ಹೊಂಟ್ರಿ?"

"ಅಷ್ಟ ಉದ್ದ ಹಾಸು ನಿಮ್ಮಿಬ್ಬರ ಕೈಲೆ ಬಿಗಿ ನಿಂದ್ರತೈತೇನು?" ಎಂದರು. ಎದ್ದು ಚಪ್ಪಲಿ ಮೆಟ್ಟಿಕೊಂಡು ಮುಂದೆ ನಡೆದರು. ಯಾರು ಹೇಳಿದರು ಎಂದು ನಾನು ಕೇಳಲಿಲ್ಲ. ಗೋಡೆಗೆ ಕಿವಿಯಿಲ್ಲದ ಮನೆ ನಮ್ಮ ಓಣಿಯಲ್ಲಿಲ್ಲ.

ನಾವು ಮುಟ್ಟುವಷ್ಟರಲ್ಲಿ ಮಾಳವ್ವ ಗಂಜಿಯ ಕೊಡ ಹೊತ್ತು ಬರುತ್ತಿದ್ದಳು. ಹಣೆ ತುಂಬ ಅರಿಶಿನದ ಭಂಡಾರ. ಬೀರಪ್ಪನ ಗುಡಿಯಿಂದ ನೇರ ಬಂದಿದ್ದಳು.

"ದೇವರನ್ನ ಕೇಳಿ ಬಂದಿಯೇನವಾ?" ಎಂದೆ.

"ಕೇಳಿಲ್ಲ. ಹೇಳಿ ಬಂದೇನಿ" ಎಂದಳು.

ಅವಳ ಮಾವ ಮಾತ್ರ ಮನೆಯಿಂದ ಹೊರಗೆ ಬರಲಿಲ್ಲವಂತೆ. ಬರಬೇಡಿರಿ, ಆದರೆ ಬೈಯಬೇಡಿರಿ ಎಂದು ಹೇಳಿ ಬಂದಿದ್ದಳು. ಅವಳ ಗಂಡನೂ ಪಕ್ಕದ ಎರಡು ಮನೆಯವರೂ ಬಂದು ಹಳ್ಳದ ದಂಡೆಯಲ್ಲಿ ಕೈಕಟ್ಟಿ ನಿಂತಿದ್ದರು. ಹಾಸಿನ ಸುರುಳಿ ನೆಲದ ಮೇಲಿತ್ತು. ಯಾರೂ ಮುಟ್ಟಲೊಲ್ಲರು. ಮಾಳವ್ವ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ನಮ್ಮ ಮನೆಯವರು ಹಿಡಿದರು. ತಿಂಗಳೆಲ್ಲ ನೂಲಿನಲ್ಲೇ ಆಡಿ, ಅಮಾವಾಸ್ಯೆಗೆ ಮಾತ್ರ ನೂಲು ಮುಟ್ಟದ ಕೈ ಅದು. ಗೂಟಕ್ಕೆ ಕಟ್ಟಿ, ಎಳೆದು ಬಿಗಿ ಮಾಡಿದರು. ಅದನ್ನು ನೋಡಿ ದಂಡೆಯಲ್ಲಿದ್ದವರೂ ಒಬ್ಬೊಬ್ಬರಾಗಿ ಮೇಲೆ ಬಂದರು.

ಬಿಸಿಲೇರುವ ಹೊತ್ತಿಗೆ ಜೆಸಿಬಿಯ ಸದ್ದು ಕೇಳಿಸಿತು. ಮುಕಾದಮ ಇಳಿದು ಬಂದ. ನಾಲ್ಕು ಹೆಜ್ಜೆ ಬಂದವನು ಅಲ್ಲೇ ನಿಂತುಬಿಟ್ಟ. ಹಾಸು ನೋಡಿದ, ಗಂಜಿ ನೋಡಿದ, ಕುಂಚ ಹಿಡಿದ ನಮ್ಮ ಮನೆಯವರನ್ನು ನೋಡಿದ. ತನ್ನ ಮನೆಯಲ್ಲೇ ಯಾರೋ ಮಾಡಬಾರದ್ದನ್ನು ಮಾಡಿದ್ದಾರೆ ಎಂಬಂತೆ ಅವನ ಮುಖ ಕಳೆಗೆಟ್ಟಿತು.

"ಅಕ್ಕಾರ, ಇವತ್ತ ಅಮಾಸಿ ಐತ್ರೀ!" ಎಂದ.

"ಗೊತ್ತೈತಿ" ಎಂದೆ.

"ಮಗ್ಗದವ್ರಾಗಿ ಹಿಂಗ ಮಾಡಬಹುದೇನ್ರಿ?"

ನನಗಿಂತ ಮೊದಲು ಮಾಳವ್ವ ತಿರುಗಿದಳು. "ಮಗ್ಗದಾಕಿ ಮಗಾ ಆಗಿ ನೀ ಅಮಾಸಿ ನೋಡಿ ಬರಬಹುದೇನೋ ತಮ್ಮಾ? ಮೊದಲ ನೀ ಹೇಳು."

ಯಂತ್ರದವನು ಎಂಜಿನ್ನು ಬಂದ್ ಮಾಡಿ ಇಣುಕಿ ನೋಡಿದ. ಯಾರ ಕೈಯೂ ನಿಲ್ಲಲಿಲ್ಲ. ನಿಂತರೆ ಗಂಜಿ ಗಟ್ಟಿಯಾಗುತ್ತದೆ. ನಮ್ಮ ಮನೆಯವರು ತಲೆಯೆತ್ತದೆ ತಿಕ್ಕುತ್ತಲೇ ಇದ್ದರು.

"ಎಷ್ಟೊತ್ತಿಗೆ ಒಣಗತೈತಿ?" ಎಂದು ಅವನು ಕೊನೆಗೆ ಕೇಳಿದ.

"ಇದು ಒಣಗಿದ್ರ ಇನ್ನೊಂದು ಐತಿ" ಎಂದಳು ಮಾಳವ್ವ. "ಮುಂದಿನ ಅಮಾಸಿಗೂ ಹಾಸ್ತೇವಿ. ಅದರ ಮುಂದಿನ ಅಮಾಸಿಗೂ ಹಾಸ್ತೇವಿ. ಬೀರಪ್ಪಗ ಸಿಟ್ಟ ಬಂದ್ರ ನಮ್ಮ ಮ್ಯಾಲ ಬರಲಿ. ನಿನಗ ಅವಸರ ಇದ್ರ ಬಾ, ಕುಂಚ ಹಿಡಿ."

ಅವನು ಕುಂಚ ಹಿಡಿಯಲಿಲ್ಲ. ಆಮೇಲೆ ಯಂತ್ರದವನಿಗೆ ಹಿಂದಕ್ಕೆ ಹೋಗೆಂದು ಕೈ ಮಾಡಿದ. ಹಸಿ ಹಾಸು ಎತ್ತಿಸಲು ಬೇರೆ ಯಾರನ್ನಾದರೂ ಕಳಿಸಲಿ, ತಾನು ಬರುವುದಿಲ್ಲ ಎಂದು ಗುತ್ತಿಗೆದಾರನಿಗೆ ಅಲ್ಲಿಂದಲೇ ಫೋನು ಹಚ್ಚಿ ಹೇಳಿದ್ದು ನಮ್ಮೆಲ್ಲರಿಗೂ ಕೇಳಿಸಿತು. ನಾಳೆ ಇನ್ನೊಬ್ಬ ಬರಬಹುದು. ಬರಲಿ. ಜೆಸಿಬಿ ಜಾಲಿಕಂಟಿಯ ನಡುವೆ ಹಿಂದೆ ಹಿಂದೆ ಸರಿಯಿತು. ಸೇತುವೆಯ ಮೇಲೆ ಕರಿಯ ಉಣ್ಣೆಯ ಹಾಸು, ಅದರ ಎರಡೂ ಮಗ್ಗುಲಲ್ಲಿ ಬಾಗಿದ ಬೆನ್ನುಗಳು, ಆಚೆಯ ಹೊಸ ಹಳಿಯ ಮೇಲೆ ಬಾಗಲಕೋಟೆಯ ಕಡೆಗೆ ಓಡುವ ಗಾಡಿ. ಇಷ್ಟು ವರ್ಷಗಳಲ್ಲಿ ಅಂಥ ಚಿತ್ರ ನನ್ನ ಕಣ್ಣೆದುರು ಬಂದಿರಲಿಲ್ಲ.

ಅದನ್ನು ನಾನು ತೆಗೆಯಲಿಲ್ಲ. ನನ್ನ ಎರಡೂ ಕೈ ಗಂಜಿಯಲ್ಲಿದ್ದವು. ಫೋಟೋ ಇಲ್ಲ. ಸೇತುವೆ ಇದೆ.